ಮೊರಡಿಯ ಕಹಿ

ಭಾನುವಾರ ಬೆಳಿಗ್ಗೆ ಮನೆಯ ಹೊಸ್ತಿಲು ದಾಟಿದ ಮೇಲೆ ಪಿಳ್ಳಮ್ಮ ಬಾಯಿ ಬಿಡುತ್ತಿರಲಿಲ್ಲ. ಇದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ಗಂಡನ ತಾಯಿ ವೆಂಕಟಮ್ಮ ಅವಳ ಕೈಗೆ ಮದ್ದು ಒಪ್ಪಿಸಿದ ದಿನವೇ ಈ ಬಾಯಿಕಟ್ಟನ್ನೂ ಒಪ್ಪಿಸಿದ್ದಳು. ಕಾಮಾಲೆಗೆ ನೆಲಬೇವು ಕೀಳಲು ಹೊರಟವರು ಗಿಡ ಕಿತ್ತು, ತಂದು, ಅರೆದು, ರೋಗಿಯ ಗಂಟಲಿಗೆ ಇಳಿಸುವ ತನಕ ಒಂದು ಮಾತೂ ಆಡಕೂಡದು. ದಾರಿಯಲ್ಲಿ ಯಾರು ಕೂಗಿದರೂ ಮುಂದಕ್ಕೆ ನೋಡಿಕೊಂಡು ನಡೆಯುವುದೇ. ಮಾದನಾಯಕನಹಳ್ಳಿಯ ಹಳಬರಿಗೆಲ್ಲ ಇದು ಗೊತ್ತು. ಗೋಡೌನುಗಳ ಕೆಲಸಕ್ಕೆ ಬಂದು ಬಾಡಿಗೆಗಿದ್ದ ಹುಡುಗರು ಮಾತ್ರ ಅವಳನ್ನು ಪಾಪದ ಮೂಗಜ್ಜಿ ಎಂದುಕೊಂಡಿದ್ದರು. ಸೋಮವಾರ ನಲ್ಲಿಯ ಹತ್ತಿರ ಅವಳಿಂದ ಬೈಸಿಕೊಂಡಾಗ ಬೆಚ್ಚಿಬೀಳುತ್ತಿದ್ದರು.

"ವಾರಕ್ಕೊಂದು ಒತ್ತಾರೆ ನನ್ನ ಕಿವಿಗೂ ರಜ," ಎನ್ನುತ್ತಿದ್ದ ಗಂಡ ಪಾಪಯ್ಯ.

ಇದರಲ್ಲಿ ದೇವರು ದಿಂಡರು ಎಷ್ಟಿತ್ತೋ, ಕೆಲಸದ ಮಾತೂ ಅಷ್ಟೇ ಇತ್ತು. ಮದ್ದಿಗೆ ಕೀಳುವ ಮೊದಲು ಗಿಡದ ಒಂದು ಎಲೆ ಅಗಿದು ನೋಡಬೇಕು. ಮಾತಾಡುತ್ತ ಅಗಿದರೆ ಕಹಿಯ ಜಾಡು ಸಿಕ್ಕುವುದಿಲ್ಲ. ಎಲೆ ಅಗಿದು ಮನೆ ಕಡೆ ಹೊರಟರೆ ಆ ಕಹಿ ಎಲ್ಲಿಯವರೆಗೆ ನಾಲಿಗೆಯ ಬುಡದಲ್ಲಿ ನಿಂತಿರುತ್ತದೆ ಎನ್ನುವುದೇ ಅಳತೆ. ದಾರಿಯ ಹುಣಸೆಮರದ ಹತ್ತಿರ ಸತ್ತರೆ ಅದು ಮದ್ದಲ್ಲ, ದನಕ್ಕೆ ಹಾಕು. ಊರಬಾಗಿಲಿಗೆ ಬಂದರೆ ಮಕ್ಕಳ ಜ್ವರಕ್ಕಾದೀತು. ಮನೆಯ ಹೊಸ್ತಿಲು ದಾಟಿ, ಒರಳುಕಲ್ಲಿನ ಮುಂದೆ ಕೂತಾಗಲೂ ಗಂಟಲು ಕೆರೆಯುತ್ತಿದ್ದರೆ ಅದು ಕಾಮಾಲೆಯ ಮದ್ದು. ಮೊರಡಿಯ ಗಿಡ ನಲವತ್ತು ವರ್ಷದಲ್ಲಿ ಒಂದು ಸಲವೂ ದಾರಿಯಲ್ಲಿ ಕೈಬಿಟ್ಟಿರಲಿಲ್ಲ.

ಮೊರಡಿ ಎಂದರೆ ಊರ ಹಿಂದಿನ ಒಂದೂವರೆ ಎಕರೆ ಕಲ್ಲುದಿಬ್ಬ, ಗೋಮಾಳ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ರಾಗಿ ಇರಲಿ, ಹುರುಳಿಯೂ ಅಲ್ಲಿ ಮೊಣಕಾಲು ಮುಟ್ಟುತ್ತಿರಲಿಲ್ಲ. ಮಳೆ ಬಂದರೆ ನೀರು ನಿಲ್ಲದೆ ಓಡುತ್ತಿತ್ತು, ಬಿಸಿಲು ಬಂದರೆ ಬಂಡೆ ಬಾಣಲೆಯಂತೆ ಕಾಯುತ್ತಿತ್ತು. ಅಂಥ ಕಡೆ ಬಂಡೆಯ ಸಂದಿಗೆ ಹಲ್ಲು ಕಚ್ಚಿಕೊಂಡು ನಿಂತ ನೆಲಬೇವು ಒಂದು ಗೇಣು ಬೆಳೆದರೆ ಹೆಚ್ಚು. ಎಲೆ ಸಣ್ಣದು, ದಪ್ಪ, ಕಡುಹಸಿರು. ಕಾಂಡ ಬಿಸಿಲಿಗೆ ನೇರಳೆ ಬಣ್ಣ ತಿರುಗಿರುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದಾಗ ಪಿಳ್ಳಮ್ಮನೇ ಒಮ್ಮೆ ನಾಲ್ಕು ಸಸಿ ತಂದು ಹಿತ್ತಲಲ್ಲಿ ನೆಟ್ಟು, ಕೊಟ್ಟಿಗೆಗೊಬ್ಬರ ಹಾಕಿ, ಸೊಂಟದುದ್ದ ಬೆಳೆಸಿ, ಅತ್ತೆಗೆ ತೋರಿಸಿ ಬೀಗಿದ್ದಳು. ವೆಂಕಟಮ್ಮ ಒಂದೆಲೆ ಬಾಯಿಗೆ ಹಾಕಿಕೊಂಡು, ಹಿತ್ತಲಿನಿಂದ ಜಗಲಿಗೆ ಬರುವಷ್ಟರಲ್ಲಿ ಉಗಿದಿದ್ದಳು.

"ಒಟ್ಟೆ ತುಂಬಿದ ಗಿಡಕ್ಕೆ ಕಹಿ ಯಾತಕ್ಕಮ್ಮ? ಅದಕ್ಕೇನು ಯಾರ ಭಯ?" ಎಂದಿದ್ದಳು. ಆ ಮಾತು ಪಿಳ್ಳಮ್ಮನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು.

ದಾಸರಹಳ್ಳಿಯಲ್ಲಿ ಮೆಟ್ರೋ ಕಂಬ ಎಬ್ಬಿಸುತ್ತಿದ್ದ ವರ್ಷ, ಕಾರ್ತಿಕದ ಒಂದು ಭಾನುವಾರ. ಪೀಣ್ಯದ ಲೇತ್ ಕೆಲಸಗಾರ ಶೇಖರಪ್ಪನನ್ನು ಹೆಂಡತಿ ಆಟೋದಲ್ಲಿ ಕರೆತಂದಿದ್ದಳು. ಕಣ್ಣು, ಉಗುರು ಎಲ್ಲ ಅರಿಶಿನ ಮೆತ್ತಿದಂತೆ. ಜಗಲಿಯ ಮೇಲೆ ಚಾಪೆಯಲ್ಲಿ ಮುದುರಿಕೊಂಡಿದ್ದ. ಪಿಳ್ಳಮ್ಮ ಕುಕ್ಕೆ ಹಿಡಿದು ಹೊಸ್ತಿಲು ದಾಟಿದಳು, ಬಾಯಿ ಮುಚ್ಚಿತು.

ಮೊರಡಿಗೆ ಇನ್ನೂ ಅರ್ಧ ದಾರಿ ಇರುವಾಗಲೇ ಲಾರಿಯ ಸದ್ದು ಕೇಳಿಸಿತು. ಹತ್ತಿ ನೋಡಿದಳು. ಟಿಪ್ಪರೊಂದು ಬೆನ್ನು ಎತ್ತಿ, ಕೆರೆಯ ತಳದಿಂದ ತೋಡಿದ ಕಪ್ಪು ಗೋಡುಮಣ್ಣನ್ನು ದಬದಬ ಸುರಿಯುತ್ತಿತ್ತು. ಅದರ ಅಡಿಯಲ್ಲಿ ಗೇಣುದ್ದದ ಗಿಡಗಳು ಕಾಣದಂತೆ ಮುಚ್ಚಿಹೋಗುತ್ತಿದ್ದವು. ಆಗಲೇ ಮೂರು ರಾಶಿ ಬಿದ್ದಿತ್ತು. ಒಂದು ಕಡೆ ಗೊಬ್ಬರದ ಚೀಲ, ಕಪ್ಪು ಪೈಪಿನ ಸುರುಳಿ. ಜೆಸಿಬಿ ಹಲ್ಲು ಕಿರಿದುಕೊಂಡು ನಿಂತಿತ್ತು. ಬಂಡೆಗೆ ಒರಗಿಸಿದ್ದ ದೊಡ್ಡ ಬೋರ್ಡಿನಲ್ಲಿ ಅವಳದೇ ಮುಖ. ಯಾರದೋ ಮದುವೆಯ ಫೋಟೋದಿಂದ ಕತ್ತರಿಸಿದ್ದು. ಪಿಳ್ಳಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದಿದಳು: 'ಪಿಳ್ಳಮ್ಮ ಔಷಧಿ ವನ'.

"ಅತ್ತೆ! ಬಂದ್ಯಾ? ನೋಡು, ನಿನ್ನ ಎಸರು!" ಬಿಳಿ ಶರಟಿನಲ್ಲಿ ಓಡಿಬಂದವನು ಮುನೀಂದ್ರ, ಅವಳ ತಮ್ಮನ ಮಗ. ಪಂಚಾಯ್ತಿ ಮೆಂಬರು, ಟಿಪ್ಪರುಗಳೂ ಅವನವೇ. ಅವನ ಹಿಂದೆ ಕೈಮುಗಿದುಕೊಂಡು ಬಂದವರು ರಾಮಪ್ರಸಾದರು. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಇನ್ಸ್‌ಪೆಕ್ಟರಾಗಿ, ತಯಾರಾದ ಒಂದೊಂದು ಪಾರ್ಟಿಗೂ ಗೇಜು ಹಿಡಿದು ಪಾಸು ಫೇಲು ಮಾಡಿ ರಿಟೈರಾದವರು. ನೌಕರರ ಲೇಔಟಿನ ಸಂಘಕ್ಕೆ ಅಧ್ಯಕ್ಷರು.

"ನಮಸ್ಕಾರ ಪಿಳ್ಳಮ್ಮನವರೇ. ನಿಮ್ಮ ಮಾತೊಂದು ಕೇಳ್ಬೇಕಿತ್ತು. ಈ ಮಣ್ಣನ್ನ ಲ್ಯಾಬಿಗೆ ಕಳಿಸಿ ನೋಡಿಸಿದ್ವಿ. ಸತ್ವವೇ ಇಲ್ಲ ಅಂತ ರಿಪೋರ್ಟು. ಗಿಡಗಳು ಪಾಪ ಹೊಟ್ಟೆಗಿಲ್ದೆ ನರಳ್ತಿವೆ. ಒಳ್ಳೇ ಮಣ್ಣು, ಗೊಬ್ಬರ, ಹನಿ ನೀರು ಕೊಟ್ಟರೆ ಊರಿಗೆಲ್ಲ ಸಾಲುವಷ್ಟು ಬೆಳೀಬಹುದು. ನಿಮಗೆ ಒಪ್ಪಿಗೆ ತಾನೇ?"

ಪಿಳ್ಳಮ್ಮ ಬೈಯಲು ಹೋಗಿ ತಡೆದುಕೊಂಡಳು. ಬಾಯಿ ಬಿಟ್ಟರೆ ಇವತ್ತಿನ ಮದ್ದು ಕೆಟ್ಟಿತು. ಜಗಲಿಯ ಮೇಲೆ ಅರಿಶಿನದ ಕಣ್ಣಿನವನು ಕಾಯುತ್ತಿದ್ದಾನೆ. ಮುಂದಿನ ಭಾನುವಾರಕ್ಕೆ ಬಾ ಎಂದು ಅವನಿಗೆ ಯಾವ ಬಾಯಲ್ಲಿ ಹೇಳುವುದು? ಅವಳು ಹಲ್ಲು ಕಚ್ಚಿ, ಬಲಗೈ ಎತ್ತಿ, ಅಂಗೈಯನ್ನು ಲಾರಿಯ ಕಡೆ ಚಾಚಿದಳು. ನಿಲ್ಲಿಸು ಎಂದು.

ಮುನೀಂದ್ರ ತಟ್ಟನೆ ಆ ಕೈಯಡಿ ತಲೆ ಬಗ್ಗಿಸಿ ನಿಂತ. ಯಾರೋ ಮೊಬೈಲಿನಲ್ಲಿ ಫೋಟೋ ಹೊಡೆದರು.

"ಅತ್ತೆ ಆಶೀರ್ವಾದ ಆಯ್ತು ಸಾರ್! ಲೇ, ಮುಂದಿನ ಲೋಡು ಬರ್ಲಿ!"

ರಾಮಪ್ರಸಾದರು ಕಣ್ಣು ಒದ್ದೆ ಮಾಡಿಕೊಂಡು ಇನ್ನೊಮ್ಮೆ ಕೈಮುಗಿದರು.

ಬಂಡೆಯ ಹಿಂಬದಿಗೆ ಹೋಗಿ ಒಂದೆಲೆ ಅಗಿದು, ಎರಡು ಹಿಡಿ ಕಿತ್ತು, ಪಿಳ್ಳಮ್ಮ ಮನೆಯ ಕಡೆ ಓಡುನಡಿಗೆ ಹಾಕಿದಳು. ಅರವತ್ತೈದರ ಕಾಲು ಅಷ್ಟು ಜೋರಾಗಿ ನಡೆದು ಎಷ್ಟೋ ವರ್ಷವಾಗಿತ್ತು. ಎದುರಿಗೆ ಇನ್ನೆರಡು ಟಿಪ್ಪರು ಧೂಳೆಬ್ಬಿಸಿಕೊಂಡು ಮೊರಡಿ ಕಡೆ ಹೋದವು. ಬಾಯೊಳಗೆ ಎಲೆಯ ಕಹಿ ಯಾವುದು, ಸಿಟ್ಟಿನ ಕಹಿ ಯಾವುದು ಎಂದು ಅವಳಿಗೇ ತಿಳಿಯಲಿಲ್ಲ. ಒರಳಿನ ಮುಂದೆ ಕೂತು ಅರೆದ ರಭಸಕ್ಕೆ ಪಾಪಯ್ಯ ಕೊಟ್ಟಿಗೆಯಿಂದ ಎದ್ದುಬಂದ. ಮಜ್ಜಿಗೆಯಲ್ಲಿ ಕದಡಿದ ಮದ್ದಿನ ಕೊನೆಯ ಗುಟುಕು ಶೇಖರಪ್ಪನ ಗಂಟಲಿಗೆ ಇಳಿದದ್ದೇ ತಡ, ಪಿಳ್ಳಮ್ಮನ ಬಾಯಿ ಕಟ್ಟೆ ಒಡೆಯಿತು.

"ನಿನ್ನ ಮನೆ ಆಳಾಗ!"

ಶೇಖರಪ್ಪ ಚಾಪೆಯ ಮೇಲೆ ಬೆದರಿ ಎದ್ದು ಕೂತ.

"ನಿನಗಲ್ಲಪ್ಪ, ಮಲಕ್ಕೋ. ಉಪ್ಪು ಬೇಡ, ಎಣ್ಣೆ ಬೇಡ. ನಾಳೆ ಆಸ್ಪತ್ರೆಗೋಗಿ ರಕ್ತ ತೋರ್ಸು, ಮದ್ದು ಕುಡ್ದೆ ಅಂತ ಅದನ್ನ ಬಿಟ್ಟೀಯ," ಎಂದು ಒಂದೇ ಉಸಿರಿಗೆ ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ತಿರುಗಿ ಓಡಿದಳು.

ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಜೆಸಿಬಿ ಗೋಡುಮಣ್ಣನ್ನು ಹರಡಿ, ಮೊರಡಿಯ ಬೆನ್ನು ಅಂಗಳದಂತೆ ಸಾಪಾಟು ಮಾಡಿತ್ತು. ಹಬ್ಬದ ಹಿಂದಿನ ದಿನ ಸಾರಿಸಿದ ನೆಲದಂತೆ ಕಪ್ಪಗೆ, ತಂಪಗೆ ಮಲಗಿತ್ತು. ಯಂತ್ರ ನುಗ್ಗಲಾರದ ದೊಡ್ಡ ಬಂಡೆಯ ಹಿಂಬದಿಯಲ್ಲಿ ಮಾತ್ರ ನಾಲ್ಕು ಮಂಚ ಹಾಕುವಷ್ಟು ಕಲ್ಲುನೆಲ ಉಳಿದಿತ್ತು. ರಾಮಪ್ರಸಾದರು ಮನೆಗೆ ಹೋಗಿದ್ದರು. ಮುನೀಂದ್ರ ಬಾಳೆಲೆಯಲ್ಲಿ ಚಿತ್ರಾನ್ನ ತಿನ್ನುತ್ತ ಡ್ರೈವರುಗಳ ಜೊತೆ ನಗುತ್ತಿದ್ದ.

"ಎತ್ತಲಾ ಇದನ್ನ! ಈಗ್ಲೇ ಎತ್ತು!"

"ಏನತ್ತೆ ಇಂಗಂತೀಯ? ಆಗ ಸುಮ್ಕಿದ್ದೆ. ಬಾಯಲ್ಲೇನು ಅವರೆಕಾಳು ಇಟ್ಕೊಂಡಿದ್ಯಾ?"

"ಗಿಡ ಕೀಳಾಕೆ ಬಂದೋಳು ಮಾತಾಡಲ್ಲ ಅಂತ ನಿನಗೊತ್ತಿಲ್ವಾ? ಚಡ್ಡಿ ಆಕ್ಕೊಳಕ್ಕೆ ಬರ್ದಿದ್ದಾಗಿಂದ ನೋಡಿದ್ದೀಯ. ನಿನ್ನ ಕಾಮಾಲೆಗೂ ಇಲ್ಲಿಂದ್ಲೇ ಕಿತ್ತಿದ್ದು."

ಮುನೀಂದ್ರನ ಕೈಯ ತುತ್ತು ಬಾಯಿಗೆ ಹೋಗದೆ ನಿಂತಿತು. ಅವನು ಡ್ರೈವರುಗಳ ಕಡೆ ನೋಡಿದ, ಬಂಡೆಯ ಕಡೆ ನೋಡಿದ. ಅವಳ ಕಡೆ ಮಾತ್ರ ನೋಡಲಿಲ್ಲ.

ಆಗ ಪಿಳ್ಳಮ್ಮನಿಗೆ ಹೊಳೆಯಿತು. ಲೋಡು ಶನಿವಾರ ತರಬಹುದಿತ್ತು. ಸೋಮವಾರ ತರಬಹುದಿತ್ತು.

"ಗೊತ್ತಿದ್ದೇ ಬಾನ್ವಾರ ಬಂದ್ಯಾ?"

"ಬೇರೆ ದಿನ ಬಂದಿದ್ರೆ ನೀನು ಬಿಡ್ತಿದ್ಯಾ? ಒಂದು ಕಲ್ಲು ಅಲ್ಲಾಡ್ಸಕ್ಕೆ ಬಿಡಲ್ಲ ನೀನು! ಊರು ಎಲ್ಲಿಗೋಗಿದೆ, ನೀನಿನ್ನೂ ಗೇಣುದ್ದದ ಗಿಡ ಇಡ್ಕೊಂಡು ಕೂತಿದ್ದೀಯ. ನಿನ್ನ ಒಳ್ಳೇದಕ್ಕೆ, ನಿನ್ನ ಎಸರು ನಿಲ್ಲಲಿ ಅಂತ ಮಾಡ್ದೆ. ನಾಳಿದ್ದು ಎಮ್ಮೆಲ್ಲೆ ಬರ್ತಾರೆ, ನಿನಗೆ ಶಾಲು ಒದಿಸ್ತಾರೆ."

"ಆ ಶಾಲು ನಿನ್ನ ಲಾರಿಗೆ ಒದಿಸು. ಗಿಡ ಎಲ್ಲಿಂದ ತರ್ತೀಯ?"

"ಗಿಡಕ್ಕೇನತ್ತೆ ಬರ? ಫ್ಯಾಕ್ಟ್ರಿ ಮೋರಿ ಪಕ್ಕ ಎದೆಮಟ್ಟ ಬೆಳೆದಾವೆ. ಲೋಡುಗಟ್ಲೆ ತರ್ತೀನಿ."

"ಆ ಎಲೆ ಬಾಯಿಗಾಕಿ ನೋಡಿದ್ದೀಯಾ? ನಾನು ನೋಡಿದ್ದೀನಿ. ತುಕ್ಕಿಡಿದ ಮೊಳೆ ನೆಕ್ಕಿದಂಗಿರ್ತದೆ. ಗಿಡ ಏನು ಕುಡೀತದೋ ಅದನ್ನೇ ಅಲ್ವೇನೋ ಎಲೇಲಿ ಇಡೋದು? ಅದನ್ನ ಕಾಮಾಲೆ ಬಂದೋನಿಗೆ ಕುಡಿಸ್ತೀಯಾ?"

ಮುನೀಂದ್ರ ಕೈತೊಳೆದು ಬೈಕು ಹತ್ತಿದ. ಮಾತಿನಲ್ಲಿ ಸೋತಾಗ ಅವನಪ್ಪನೂ ಹೀಗೇ ಎದ್ದುಹೋಗುತ್ತಿದ್ದ.

ಪಿಳ್ಳಮ್ಮ ಅಳಲಿಲ್ಲ. ಬಂಡೆಯ ಹಿಂದಿನಿಂದ ಒಂದು ಗಿಡ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ನೇರ ಲೇಔಟಿಗೆ ನಡೆದಳು. ರಾಮಪ್ರಸಾದರ ಮನೆಯ ಎದುರು ಪಾರ್ಕು. ನಾಲ್ಕು ತಿಂಗಳ ಹಿಂದೆ ಮುನೀಂದ್ರ ಮೊರಡಿಯಿಂದಲೇ ಕದ್ದೊಯ್ದು ಕೊಟ್ಟಿದ್ದ ಸಸಿಗಳು ಅಲ್ಲಿ ಮಡಿ ಕಟ್ಟಿಸಿಕೊಂಡು, ಗೊಬ್ಬರ ತಿಂದು, ಸೊಂಟದುದ್ದ ನಿಂತಿದ್ದವು. ಎಲೆ ಒಂದೊಂದೂ ಬೆರಳುದ್ದ, ತಿಳಿಹಸಿರು. ನೋಡಿದರೆ ಯಾರಿಗಾದರೂ ಕಣ್ಣು ತುಂಬಬೇಕು. ಪಿಳ್ಳಮ್ಮನಿಗೆ ಹೇಸಿಗೆಯಾಯಿತು. ಅದರಿಂದಲೂ ಒಂದು ರೆಂಬೆ ಮುರಿದುಕೊಂಡು ಬಾಗಿಲು ತಟ್ಟಿದಳು.

"ಬನ್ನಿ ಬನ್ನಿ ಪಿಳ್ಳಮ್ಮನವರೇ! ಸೀತಾ, ಕಾಫಿ ತಾ," ಎಂದರು ರಾಮಪ್ರಸಾದರು.

"ಕಾಪಿ ಬೇಡ ಸಾಮಿ. ನಾನು ಬೆಳಿಗ್ಗೆ ಕೈ ಎತ್ತಿದ್ದು ಒಳ್ಳೇದಾಗ್ಲಿ ಅಂತಲ್ಲ. ನಿಲ್ಸಿ ಅಂತ."

ರಾಮಪ್ರಸಾದರ ಮುಖ ಇಳಿಯಿತು. ಪಿಳ್ಳಮ್ಮ ಮೊರಡಿಯ ಕಥೆಯನ್ನೂ ಬಾಯಿಕಟ್ಟಿನ ಕಥೆಯನ್ನೂ ನಿಂತಲ್ಲೇ ಹೇಳಿದಳು. ಅವರು ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನೊಳಗಿದ್ದ ರಿಪೋರ್ಟು ತಂದರು.

"ನೋಡಿಮ್ಮಾ, ನಾನು ಅಂದಾಜಿನ ಮೇಲೆ ಏನೂ ಮಾಡೋನಲ್ಲ. ಇಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಸಾರಜನಕ ಕಮ್ಮಿ, ತೇವ ಕಮ್ಮಿ, ಎಲ್ಲ ಕಮ್ಮಿ. ಮಣ್ಣು ಫೇಲು."

"ಯಾತಕ್ಕೆ ಫೇಲು ಸಾಮಿ? ಎಲೆಕೋಸು ಬೆಳೆಯಾಕಾ? ಮದ್ದಿಗೆ ಅಂತ ಕೇಳಿದ್ರಾ ಅವ್ರನ್ನ?"

ಅವರು ರಿಪೋರ್ಟನ್ನು ಮಡಿಸಿದರು. ಪಿಳ್ಳಮ್ಮ ಪಾರ್ಕಿನ ಎಲೆಯೊಂದನ್ನು ಅವರ ಮುಂದೆ ಹಿಡಿದಳು. "ನೀವು ಅಳತೆ ಕೆಲಸ ಮಾಡ್ದೋರು. ಇದನ್ನ ಅಗೀರಿ, ಅಗಿದು ನಡೀರಿ. ಕಹಿ ಎಲ್ಲಿ ಸಾಯ್ತದೋ ಅಲ್ಲಿ ನಿಲ್ಲಿ."

"ಈ ವಯಸ್ಸಿನಲ್ಲಿ ಏನೇನೋ ತಿನ್ನಬೇಡಿ, ಬಿ.ಪಿ. ಇದೆ," ಎಂದರು ಕಾಫಿ ಹಿಡಿದು ಬಂದ ಹೆಂಡತಿ ಸೀತಾಲಕ್ಷ್ಮಿ.

"ಒಂದೆಲೆಗೆ ಏನೂ ಆಗಲ್ವೇ," ಎಂದು ರಾಮಪ್ರಸಾದರು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿಕೊಂಡು, "ಕಹಿಯಾಗೇ ಇದೆಯಲ್ಲಾ!" ಎಂದರು.

"ನಡೀರಿ."

ಗೇಟು ದಾಟಿದರು. ಗಣೇಶನ ಗುಡಿ ದಾಟಿದರು. ಹಾಲಿನ ಬೂತಿನ ಮುಂದೆ ನಿಂತು ನಾಲಿಗೆ ಆಡಿಸಿ ನೋಡಿಕೊಂಡರು. "ಹೋಯ್ತು," ಎಂದರು. ಅಲ್ಲೇ ಬಾಯಿ ಮುಕ್ಕಳಿಸಿ ಉಗಿದರು. ಪಿಳ್ಳಮ್ಮ ಸೆರಗಿನ ಗಂಟು ಬಿಚ್ಚಿ ಮೊರಡಿಯ ಎಲೆ ಕೊಟ್ಟಳು. ಉಗುರಗಲದ್ದು.

ಅದನ್ನು ಅಗಿದ ರಾಮಪ್ರಸಾದರಿಗೆ ಮೈ ನಡುಗಿತು.

"ಸಾರ್, ಏನಾಯ್ತು? ಯಾಕೆ ಮುಖ ಹಂಗ್ ಮಾಡ್ತೀರಾ? ನಿನ್ನೆ ಹಾಲು ಕೆಟ್ಟಿತ್ತಾ?" ಎಂದ ಬೂತಿನವನು.

ಅವರು ಕೈಸನ್ನೆಯಲ್ಲೇ ಅವನನ್ನು ಸುಮ್ಮನಿರಿಸಿ ನಡೆದರು. ಸ್ಕೂಲು ದಾಟಿತು, ಲೇಔಟಿನ ಕಮಾನು ದಾಟಿತು, ಗೋಡೌನುಗಳ ಸಾಲು ದಾಟಿತು. ನಡುವೆ ಎರಡು ಸಲ ಅಂಗಡಿಯಲ್ಲಿ ನೀರು ಕುಡಿದರು. ತುಮಕೂರು ರಸ್ತೆಯ ಬಸ್‌ಸ್ಟಾಪಿಗೆ ಬಂದಾಗ ಕಲ್ಲುಬೆಂಚಿನ ಮೇಲೆ ಕೂತು ಕೈವಸ್ತ್ರದಿಂದ ಬೆವರು ಒರೆಸಿಕೊಂಡರು.

"ಇನ್ನೂ ಇದೆ," ಎಂದರು. ನೆಲ ನೋಡುತ್ತ, "ಎರಡೂ ಒಂದೇ ಗಿಡದ ಸಂತಾನ, ಅಲ್ವೇನ್ರಿ?" ಎಂದು ಕೇಳಿದರು.

"ಒಂದೇ. ನೆಲ ಬೇರೆ."

"ನಾನು ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡೆ."

"ಅದು ಕಾಣ್ತಾನೇ ಅದೆ," ಎಂದಳು ಪಿಳ್ಳಮ್ಮ. ಅವರ ಮೇಲೆ ಕನಿಕರ ಬರಬೇಕಿತ್ತು, ಬರಲಿಲ್ಲ. ಸುರಿಸಿದವರು ಒಳ್ಳೆಯವರೆಂದು ಮಣ್ಣು ತಾನಾಗಿ ಎದ್ದುಹೋಗುವುದಿಲ್ಲವಲ್ಲ.

ರಾಮಪ್ರಸಾದರು ಅವಳ ಪರ ನಿಂತರು. ಎಮ್ಮೆಲ್ಲೆಯ ಸಮಾರಂಭ ನಿಂತಿತು. ಪೈಪು, ಗೊಬ್ಬರ ವಾಪಸ್ಸು ಹೋದವು. ಬಂಡೆಯ ಹಿಂದಿನ ಜಾಗಕ್ಕೆ ನೀರು ಬೇಡ, ಬೇಲಿ ಬೇಡ, ಯಾರೂ ಕಾಲಿಡುವುದು ಬೇಡ ಎಂದು ಸಂಘದಲ್ಲಿ ಬರೆಸಿದರು. ಆದರೆ ಬಿದ್ದ ಗೋಡನ್ನು ತೆಗೆಸಿಕೊಡಿ ಎಂದರೆ ಮುನೀಂದ್ರ ಕೈಯೆತ್ತಿಬಿಟ್ಟ. ಜೆಸಿಬಿಯಲ್ಲಿ ಬಳಿದರೆ ಕೆಳಗಿನ ಕಲ್ಲು, ಬೇರು, ಬೀಜ ಎಲ್ಲವೂ ಜೊತೆಗೇ ಬರುತ್ತವೆ. ಕೈಯಲ್ಲಿ ತೆಗೆಯುವ ಆಳು ಎಲ್ಲಿದ್ದಾರೆ ಎಂದ. ನಾಲ್ಕು ದಿನ ಹೋದರೆ ಅತ್ತೆಯ ಸಿಟ್ಟು ಇಳಿಯುತ್ತದೆ ಎಂದುಕೊಂಡ.

ಪಿಳ್ಳಮ್ಮನ ಸಿಟ್ಟು ಅಂಥದ್ದಲ್ಲ. ಮುಂದಿನ ಭಾನುವಾರ ಜಗಲಿಗೆ ಐವರು ಬಂದರು. ನಾಲ್ಕು ಮಂಚದಗಲದ ನೆಲ ಎಷ್ಟು ಜನಕ್ಕೆ ಆದೀತು? ಬೀಜಕ್ಕೆ ಬಿಡಬೇಕು, ಬೇರಿಗೆ ಬಿಡಬೇಕು. ಅವಳು ಒಬ್ಬರಿಗೆ ಕೊಟ್ಟಳು, ತೀರಾ ಕೈಲಾಗದವರಿಗೆ. ನಲವತ್ತು ವರ್ಷದಲ್ಲಿ ಮೊದಲ ಬಾರಿ ಮಿಕ್ಕವರನ್ನು ಬರಿಗೈಯಲ್ಲಿ ಎಬ್ಬಿಸಿದಳು.

"ಮೊದ್ಲು ಆಸ್ಪತ್ರೆಗೋಗಿ. ಆಮೇಲೆ ನಾಟಿ ಮದ್ದೇ ಬೇಕು ಅಂದ್ರೆ ಆ ಮೂಲೇಲಿ ಹಸುರು ಪೈಂಟಿನ ಮನೆ ಅದೆ. ಮುನೀಂದ್ರ ಅಂತ. ಮದ್ದಿನ ನೆಲ ಮುಚ್ಚಿದೋನು ಅವ್ನೇ. ಗಿಡ ಎಲ್ಲಿ ಅಂತ ಅವನ್ನೇ ಕೇಳಿ."

ಅವರು ಹೋಗಿ ಕೇಳಿದರು. ಅದರ ಮುಂದಿನ ವಾರವೂ ಕೇಳಿದರು. ನೆಲಮಂಗಲದಿಂದ, ದಾಸರಹಳ್ಳಿಯಿಂದ, ಹೆಬ್ಬಗೋಡಿಯಿಂದ ಎರಡು ಬಸ್ಸು ಬದಲಾಯಿಸಿ ಬಂದವರು ಮೆಂಬರ ಬಾಗಿಲಲ್ಲಿ ಹಳದಿ ಕಣ್ಣು ಬಿಟ್ಟುಕೊಂಡು ಕೂತರು. ಮರಿಯಮ್ಮ ಎನ್ನುವ ಹೆಂಗಸೊಬ್ಬಳು ಮಗಳನ್ನು ಅವನ ಸೋಫಾದ ಮೇಲೇ ಮಲಗಿಸಿ, "ಅಣ್ಣಾ, ಮಣ್ಣು ಹಾಕಿದ್ದು ನೀವೇ ಅಂತೆ. ಒಂದು ಹಿಡಿ ಗಿಡ ತಂದ್ಕೊಡಿ, ಇಲ್ಲೇ ಕಾಯ್ತೀನಿ," ಎಂದಳಂತೆ. ಮುನೀಂದ್ರ ಹುಡುಗಿಯನ್ನು ತನ್ನ ಕಾರಿನಲ್ಲೇ ಆಸ್ಪತ್ರೆಗೆ ಸೇರಿಸಿ ಬಂದ. ಬಂದವನು ಸೀದಾ ಪಿಳ್ಳಮ್ಮನ ಜಗಲಿಗೆ ಬಂದ.

"ಏನತ್ತೆ ಇದು? ನನ್ನ ಮಾನ ಕಳೀಬೇಕು ಅಂತಾನಾ?"

"ಕೊಡೋಗು. ಪಾರ್ಕಲ್ಲಿ ಸೊಂಟದುದ್ದ ಬೆಳೆದದಲ್ಲ."

"ಅದರಲ್ಲಿ ಏನೂ ಇಲ್ಲ ಅಂತ ಸಾರ್ ಏಳಿದ್ರಲ್ಲ..."

"ಮೋರಿ ಪಕ್ಕದ್ದು ಕೊಡು. ಲೋಡುಗಟ್ಲೆ ಅದೆ ಅಂದೆ."

ಪಾಪಯ್ಯ ಒಳಗಿನಿಂದ, "ಮನೆ ಮಗ ಅಲ್ವೇನೇ, ಬಿಡೇ," ಎಂದ.

"ಮನೆ ಮಗ ಅಂತಾನೇ ಅವನ ಮನೆಗೆ ಕಳಿಸ್ತಿರೋದು. ಬೇರೇರಾಗಿದ್ರೆ ಪೊಲೀಸಿಗೆ ಕಳಿಸ್ತಿದ್ದೆ," ಎಂದಳು ಪಿಳ್ಳಮ್ಮ. ಮತ್ತೆ ಮುನೀಂದ್ರನ ಕಡೆ ತಿರುಗಿ, "ನನ್ನ ಬಾಯಿ ಕಟ್ಟಿರೋ ಹೊತ್ತು ನೋಡ್ಕೊಂಡು ಬಂದೆ ನೀನು. ಸಾಯೋದ್ರೊಳಗೆ ಮರೀತೀನಿ ಅಂದ್ಕೋಬೇಡ," ಎಂದಳು.

ಅವನು ಜಗಲಿಯ ಅಂಚಿಗೆ ಕೂತು ಚಪ್ಪಲಿಯ ಉಂಗುಟ ನೋಡಿದ. ಎದ್ದುಹೋಗಲಿಲ್ಲ.

"ಕೈಯಲ್ಲೇ ತೆಗೀಬೇಕಾ?" ಎಂದ ಕೊನೆಗೆ.

ಮುಂದಿನ ಬುಧವಾರದಿಂದ ಮುನೀಂದ್ರ ಮೊರಡಿಗೆ ಬಂದ. ಬಿಳಿ ಶರಟು ಬಿಚ್ಚಿ ಬಂಡೆಯ ಮೇಲಿಟ್ಟು, ಸಲಿಕೆಯಲ್ಲಿ ಗೋಡು ಕೆರೆದು, ಮಂಕರಿಯಲ್ಲಿ ತುಂಬಿ, ತನ್ನದೇ ಟಿಪ್ಪರಿಗೆ ಹೊತ್ತು ಹಾಕಿದ. ರಾಮಪ್ರಸಾದರೂ ಟೋಪಿ ಹಾಕಿಕೊಂಡು ಬಂದು, ಕೈಲಾದಷ್ಟು ತುಂಬಿಕೊಟ್ಟರು. ಮಧ್ಯಾಹ್ನದವರೆಗೆ ದುಡಿದರೆ ಒಂದು ಚಾಪೆ ಹಾಸುವಷ್ಟು ಜಾಗ ತೆರೆಯಿತು. ಅಡಿಯಿಂದ ಬಂದ ಗಿಡಗಳು ಕೊಳೆತು ಕಪ್ಪಾಗಿದ್ದವು. ಬೀಜವೇನಾದರೂ ಉಳಿದಿದೆಯೋ, ಉಳಿದು ಹುಟ್ಟಿದರೂ ಗೋಡಿನ ಸಾರ ಕುಡಿದ ಆ ನೆಲ ಮೊದಲಿನ ಕಹಿ ಕೊಡುತ್ತದೋ ಇಲ್ಲವೋ, ಪಿಳ್ಳಮ್ಮನಿಗೂ ಗೊತ್ತಿರಲಿಲ್ಲ. ಎಷ್ಟು ಮಳೆ ಬಂದು ತೊಳೆಯಬೇಕೋ.

ಮುನೀಂದ್ರ ಬೆನ್ನು ಸೆಟೆಸಿ, ಅಂಗೈಯ ಬೊಬ್ಬೆ ನೋಡಿಕೊಂಡ. ಅವನ ಕಾಲಡಿ ಇನ್ನೂ ಎರಡು ಬೆರಳು ದಪ್ಪ ಕಪ್ಪುಮಣ್ಣಿತ್ತು.

"ಇಷ್ಟು ಸಾಕೇನತ್ತೆ?"

ಪಿಳ್ಳಮ್ಮ ಬಂಡೆಯ ನೆರಳಲ್ಲಿ ಕೂತಿದ್ದಳು. ನೀರಿನ ಚೊಂಬು ಅವಳ ಪಕ್ಕದಲ್ಲೇ ಇತ್ತು, ಅವನ ಕಡೆ ಸರಿಸಲಿಲ್ಲ.

"ಕೆರಿ. ಕಲ್ಲಿಗೆ ಸಲಿಕೆ ತಾಗೋ ಸದ್ದು ನನಗೆ ಇಲ್ಲಿಗೆ ಕೇಳಿಸ್ಬೇಕು," ಎಂದಳು.